ಗೌಂಡಿ ಬಿಚ್ಚಿದ ಗೋಡೆ

"ಗುರುಗಳೇ, ನಾಳೆ ನಮ್ಮ ಊರಿನ ಸೌಹಾರ್ದ ಸಮಿತಿಯ ಸಭೆಯಿದೆ. ನಾನೇ ಅಧ್ಯಕ್ಷ. ಅಲ್ಲಿ ಏನು ಮಾತಾಡಲಿ?" ಎಂದು ಶಿಷ್ಯ ಗುರುಪಾದಪ್ಪ ಕೇಳಿದ.

"ನೀನು ಏನು ಮಾತಾಡಬೇಕೆಂದಿದ್ದೀಯ?"

"ನಮ್ಮಲ್ಲಿ ಮುಸ್ಲಿಮರಿಗೆ ಯಾವ ಕೊರತೆಯೂ ಇಲ್ಲ ಎಂದು ಹೇಳೋಣ ಅಂತ. ಯಾರ ಧರ್ಮ ಅವರಿಗೆ ಎಂದು ಸಂವಿಧಾನವೇ ಹೇಳಿದೆ. ನಾವೂ ಅಡ್ಡಿ ಮಾಡದೆ ಬಿಟ್ಟಿದ್ದೇವೆ. ಅವರೂ ಇಷ್ಟು ವರ್ಷಗಳಲ್ಲಿ ಒಂದು ದೂರು ಹೇಳಿದವರಲ್ಲ. ಇದಕ್ಕಿಂತ ಹೆಚ್ಚಿನ ಸೌಹಾರ್ದ ಇನ್ನೇನಿದ್ದೀತು?"

ಗುರುಗಳು ನಕ್ಕರು. "ಭಾಷಣ ಚೆನ್ನಾಗಿದೆ. ಚಪ್ಪಾಳೆಯೂ ಬೀಳುತ್ತದೆ. ಹೋಗುವ ಮೊದಲು ಒಂದು ಕತೆ ಕೇಳಿಕೊಂಡು ಹೋಗು" ಎಂದರು. ಗುರುಪಾದಪ್ಪ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೌಂಡಿಯಿದ್ದ. ಕಲ್ಲು, ಗಾರೆ, ಗೋಡೆ, ಇದೇ ಅವನ ಬದುಕು. ಅಂಥ ಗೌಂಡಿಗಳು ಊರೂರಿಗೂ ಇರುತ್ತಾರೆ. ಆದರೆ ಇವನು ಪಾಯ ತೋಡುವ ಮೊದಲು ನೆಲದಲ್ಲಿ ಒಂದು ಗೂಟ ನೆಡುತ್ತಿದ್ದ. ಮುಂಜಾನೆ ಅದರ ನೆರಳಿನ ತುದಿಗೆ ಒಂದು ಗುರುತು ಹಾಕುತ್ತಿದ್ದ. ಇಳಿಹೊತ್ತಿನಲ್ಲಿ ನೆರಳು ಮತ್ತೆ ಅಷ್ಟೇ ಉದ್ದವಾದಾಗ ಇನ್ನೊಂದು ಗುರುತು. ಎರಡು ಗುರುತಿಗೂ ನೂಲು ಹಿಡಿದರೆ ಅದು ಮೂಡಣ ಪಡುವಣದ ಗೆರೆ. ಅದನ್ನು ನೋಡಿಕೊಂಡೇ ಗೋಡೆ ಎಬ್ಬಿಸುತ್ತಿದ್ದ. ಇಷ್ಟಕ್ಕೇ ಒಂದು ಹಗಲು ಪೂರ್ತಿ ಬೇಕಾಗುತ್ತಿತ್ತು. ಅವಸರವಿದ್ದವರು ಬೇರೆ ಗೌಂಡಿಯನ್ನು ನೋಡಿಕೊಳ್ಳಲಿ ಎನ್ನುತ್ತಿದ್ದ. ಕೆಲಸ ಬಲ್ಲವನಿಗೆ ಅಷ್ಟು ಜಂಬ ಇರಲಿ ಬಿಡು, ನನಗಂತೂ ಇಷ್ಟವೇ.

ಆ ಸೀಮೆಯ ಗೌಂಡಿಗಳಲ್ಲಿ ಒಂದು ಕಟ್ಟಳೆಯಿತ್ತು. ತಾನು ಕಟ್ಟಿದ ಗೋಡೆಯನ್ನು ತಾನೇ ತಪ್ಪೆಂದು ಬಿಚ್ಚಿದವನು ಮೂರು ವರ್ಷ ಗುಡಿಯ ಕೆಲಸಕ್ಕೆ ಕರಣೆ ಎತ್ತುವಂತಿಲ್ಲ. ಕೈ ತಪ್ಪಿದವನು ದೇವರ ಕಲ್ಲಿಗೆ ಗಾರೆ ಹಚ್ಚಬಾರದು ಎಂದು ಹಿಂದಿನವರು ಮಾಡಿಟ್ಟದ್ದು. ನಮ್ಮ ಗೌಂಡಿ ಮೂವತ್ತು ವರ್ಷಗಳಲ್ಲಿ ಕಟ್ಟಿದ ಒಂದು ಕಲ್ಲನ್ನೂ ಬಿಚ್ಚಿದವನಲ್ಲ. ಹಾಗಾಗಿ ಊರ ಗುಡಿಗೆ ಹೊಸ ಶಿಖರ ಕಟ್ಟುವ ಕೆಲಸ ಅವನಿಗೇ ಎಂದು ಗುಡಿಯ ಹಿರಿಯರು ಮಾತು ಕೊಟ್ಟಿದ್ದರು. ಅದು ಅವನ ಮನೆದೇವರ ಗುಡಿ. ಅವನ ಅಪ್ಪ ಗರ್ಭಗುಡಿಯ ಗೋಡೆ ಎಬ್ಬಿಸಿ, ಶಿಖರ ಕಟ್ಟುವಷ್ಟರಲ್ಲಿ ತೀರಿಕೊಂಡಿದ್ದ. ಅದು ತನ್ನ ಕೈಯಿಂದ ಏಳಬೇಕೆಂಬ ಒಂದೇ ಆಸೆಯಿಂದ ಮಗ ಬೆಳೆದಿದ್ದ. ಮೂರು ತಿಂಗಳಾಚೆಯ ಹುಣ್ಣಿಮೆಗೆ ಮುಹೂರ್ತ ಇಟ್ಟಾಗಿತ್ತು.

ಅದೇ ಊರಿನಲ್ಲಿ ಮೂವತ್ತು ಮನೆ ಪಿಂಜಾರರಿದ್ದರು. ಹತ್ತಿ ಹಿಂಜಿ ಗಾದಿ ತುಂಬುವ ಮುಸ್ಲಿಮರು. ತಲೆಮಾರುಗಳಿಂದ ಒಂದು ಬೇವಿನ ಮರದ ಕೆಳಗೆ ನಮಾಜು ಮಾಡುತ್ತಿದ್ದರು. ಮಳೆ ಬಂದರೆ ನೆನೆಯುತ್ತಿದ್ದರು. ಕೊನೆಗೆ ಆ ಸೀಮೆಯ ದೇಸಾಯಿಯ ಬಳಿ ಹೋಗಿ, ಒಂದು ಸಣ್ಣ ಮಸೀದಿ ಕಟ್ಟಿಕೊಳ್ಳುತ್ತೇವೆ ಎಂದು ಕೇಳಿಕೊಂಡರು. "ನನ್ನ ಸೀಮೆಯಲ್ಲಿ ಯಾರು ಯಾವ ದೇವರನ್ನು ನೆನೆದರೂ ನನ್ನ ಅಡ್ಡಿಯಿಲ್ಲ" ಎಂದು ದೇಸಾಯಿ ಒಪ್ಪಿಗೆ ಕೊಟ್ಟ. ಒಳ್ಳೆಯ ಮಾತು. ಊರಿನಲ್ಲಿ ಕೆಲವರು ಮೂಗು ಮುರಿದರು. ಗೌಂಡಿ ಮಾತ್ರ ಪಿಂಜಾರರ ಓಣಿಗೆ ತಾನೇ ಹೋಗಿ, ಗೋಡೆ ನಾನು ಕಟ್ಟಿಕೊಡುತ್ತೇನೆ ಎಂದ.

ಪಿಂಜಾರರ ಹಿರಿಯ, ಒಬ್ಬ ಮುದುಕ, ಬೇವಿನ ಮರದ ಕೆಳಗಿದ್ದ ಸಣ್ಣ ಕಲ್ಲುಗಳ ಸಾಲನ್ನು ಅವನಿಗೆ ತೋರಿಸಿದ. ಮುದುಕನ ಅಜ್ಜ ಹಡಗು ಹತ್ತಿ ಮಕ್ಕಾಕ್ಕೆ ಹೋಗಿ ಬಂದವನು. ಬಂದ ಮೇಲೆ ದಿಕ್ಕು ಗೊತ್ತು ಮಾಡಿ ಇಟ್ಟ ಕಲ್ಲುಗಳು ಅವು. ಆ ಸಾಲಿಗೆ ನಿಂತರೆ ಮುಖ ಮಕ್ಕಾದ ಕಡೆಗೆ ಬರುತ್ತದೆ. ಎದುರಿನ ಗೋಡೆ ಇದಕ್ಕೆ ಸರಿಯಾಗಿ ಬರಲಿ ಎಂದಷ್ಟೇ ಮುದುಕ ಹೇಳಿದ. ಮದುವೆಯ ಕಾಲ, ಗಾದಿ ತುಂಬುವ ಕೆಲಸ ಕೈತುಂಬ ಇತ್ತು. ಪಿಂಜಾರರೆಲ್ಲ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಹದಿನೈದು ದಿನ ಸುತ್ತಲಿನ ಹಳ್ಳಿಗಳಿಗೆ ಹೋದರು.

ಗೌಂಡಿ ಗೂಟ ನೆಟ್ಟು ನೆರಳು ನೋಡಿದ. ಕಲ್ಲಿನ ಸಾಲು ಅವನ ನೂಲಿಗೆ ಹೊಂದಲಿಲ್ಲ. ನೇರ ಪಡುವಣಕ್ಕೆ ಮುಖ ಮಾಡುವ ಬದಲು ತುಸು ಬಡಗಣಕ್ಕೆ ವಾಲಿತ್ತು. ಹತ್ತು ಮೊಳಕ್ಕೆ ಎರಡು ಮೊಳ ಸೊಟ್ಟ. ಪಾಪ, ಹತ್ತಿ ಹಿಂಜುವವರಿಗೆ ದಿಕ್ಕು ಹಿಡಿಯುವುದು ಎಲ್ಲಿ ಗೊತ್ತಾಗಬೇಕು, ದೇವರ ಮನೆ ಸೊಟ್ಟ ಇದ್ದರೆ ಅವರಿಗೇ ಒಳ್ಳೆಯದಲ್ಲ ಎಂದುಕೊಂಡ. ಆ ಕಲ್ಲುಗಳನ್ನು ಆರಿಸಿ ಪಾಯಕ್ಕೆ ತುಂಬಿದ. ತನ್ನ ನೂಲು ಹಿಡಿದು ಗೋಡೆ ಎಬ್ಬಿಸಿದ. ಬಂದು ನೋಡಿ ಎಷ್ಟು ಸಂತೋಷಪಟ್ಟಾರು ಎಂದು ಒಳಗೊಳಗೇ ಹಿಗ್ಗಿದ. ಗುರುಪಾದಪ್ಪ, ಅವನಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ. ಇದ್ದಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಪಿಂಜಾರರು ತಿರುಗಿ ಬಂದಾಗ ಗೋಡೆ ಎದೆಯುದ್ದ ಎದ್ದಿತ್ತು. ಮುದುಕ ಗೋಡೆಯ ಮೇಲೆ ಕೈಯಾಡಿಸಿದ. ಕಲ್ಲಿನ ಸಾಲು ಇದ್ದ ಜಾಗವನ್ನು ಒಮ್ಮೆ ನೋಡಿದ. "ಚಂದ ಕಟ್ಟೀಯಪಾ" ಎಂದು ಹೇಳಿ ಮನೆಗೆ ಹೋದ.

ಶುಕ್ರವಾರ ಮಧ್ಯಾಹ್ನ ಗೌಂಡಿ ಮರೆತು ಬಿಟ್ಟಿದ್ದ ಕರಣೆಯನ್ನು ತರಲು ಅಲ್ಲಿಗೆ ಹೋದ. ಒಳಗೆ ನಮಾಜು ನಡೆದಿತ್ತು. ಬಾಗಿಲಿಗೆಂದು ಬಿಟ್ಟ ಜಾಗದಲ್ಲಿ ನಿಂತು ನೋಡಿದ. ಗೋಡೆ ನೆಟ್ಟಗಿತ್ತು. ಜನ ಓರೆಯಾಗಿ ನಿಂತಿದ್ದರು. ಒಂದು ಸಾಲೂ ಗೋಡೆಗೆ ಹೊಂದಿರಲಿಲ್ಲ. ಮೂಲೆಗಳಲ್ಲಿ ಯಾರೂ ನಿಲ್ಲಲಾಗದಂಥ ಸಂದು ಉಳಿದಿತ್ತು. ಅಷ್ಟು ಜಾಗ ಕಳೆದುಹೋಗಿ ಎಂಟು ಹತ್ತು ಜನ ಗೋಡೆಯ ಹೊರಗೆ ಜಲ್ಲಿಯ ಮೇಲೆ ಚಾಪೆ ಹಾಸಿಕೊಂಡಿದ್ದರು. ಅವರಲ್ಲಿ ಆ ಮುದುಕನೂ ಇದ್ದ.

ನಮಾಜು ಮುಗಿಯುವವರೆಗೂ ಗೌಂಡಿ ಕಾದ. ಆಮೇಲೆ ಮುದುಕನ ಬಳಿಗೆ ಹೋಗಿ ಕೇಳಿದ.

"ಕಾಕಾ, ಗ್ವಾಡಿ ನೆಟ್ಟಗ ಐತಿ. ನೀವ್ಯಾಕ ಓರೆ ನಿಂತೀರಿ?"

"ಗ್ವಾಡಿ ನೆಟ್ಟಗ ಐತಿ ತಮ್ಮಾ. ನಮ್ಮ ದಿಕ್ಕು ಸ್ವಲ್ಪ ಅತ್ತಾಗ ಐತಿ. ಇರ್ಲಿ ಬಿಡು, ನಾವ ಹೊಳ್ಳಿ ನಿಂತರಾತು."

"ಮತ್ತ ಗ್ವಾಡಿ ನೋಡಿದ ದಿನ ಯಾಕ ಹೇಳಲಿಲ್ಲ ನೀ?"

"ಹೆಂಗ ಹೇಳ್ಲಿ? ಕಟ್ಟಾಕ ಬಿಟ್ಟಾರ, ಅದ ದೊಡ್ಡದು. ಇನ್ನ ಎರಡು ಮೊಳಕ್ಕ ತಕರಾರ ತಗದರ ಮಂದಿ ಏನಂದಾರು?"

ಗೌಂಡಿ ಕರಣೆ ತೆಗೆದುಕೊಂಡು ಮನೆಗೆ ಹೋದ. ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. ಅವನ ಜೊತೆ ಮೂವತ್ತು ವರ್ಷ ಒಂದೇ ಬಾವಿಯ ನೀರು ಕುಡಿದ ಮುದುಕ, ತನ್ನ ದೇವರ ದಿಕ್ಕು ಹೇಳಲು ಅವನ ಮುಂದೆ ಹೆದರಿದ್ದ. ಗೋಡೆ ಸೊಟ್ಟಗಿದ್ದರೆ ಗೌಂಡಿ ತಡೆದುಕೊಳ್ಳುತ್ತಿದ್ದನೇನೋ. ಇದನ್ನು ತಡೆಯಲಾಗಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ ನೋಡು. ಗೋಡೆ ನಿಲ್ಲುತ್ತಿತ್ತು. ಶಿಖರ ಕೈಗೆ ಬರುತ್ತಿತ್ತು. ಪಿಂಜಾರರು ಜೀವಮಾನವಿಡೀ ಅವನನ್ನು ಹರಸುತ್ತಿದ್ದರು. ಆ ಹಾರೈಕೆಯೇ ಅವನಿಗೆ ಬೇಡವಾಯಿತು.

ಮರುದಿನ ಬೆಳಗ್ಗೆ ಹೋಗಿ ಗೋಡೆಯ ಮೇಲಿನ ಕಲ್ಲನ್ನು ಎತ್ತಿ ಕೆಳಗಿಟ್ಟ. ಆಮೇಲೆ ಇನ್ನೊಂದು. ಸುದ್ದಿ ಊರಿಗೆ ಮುಟ್ಟಿತು. ಪಿಂಜಾರ ಮುದುಕ ಓಡಿ ಬಂದು, ಬ್ಯಾಡೋ ತಮ್ಮಾ, ಬ್ಯಾಡ ಎಂದು ಅವನ ಕೈ ಹಿಡಿದುಕೊಂಡ. ಹಿಂದೆಯೇ ಗುಡಿಯ ಹಿರಿಯ ಬಂದ.

"ಹುಚ್ಚಗಿಚ್ಚ ಹಿಡದೈತೇನ ನಿನಗ? ಅವರ ಬ್ಯಾಡ ಅನ್ನಾಕತ್ತಾರ. ಬಿಚ್ಚಿದ್ಯೋ, ಶಿಖರ ಹೋತು ತಿಳ್ಕೋ" ಎಂದ.

ಗೌಂಡಿ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ. "ಗೊತ್ತೈತ್ರಿ ಯಜಮಾನ್ರ. ನಮ್ಮ ದೇವರು ಮೂಡಣಕ್ಕ ಮುಖ ಮಾಡ್ಯಾನ. ಯಾರರ ಬಂದು ಎರಡು ಮೊಳ ಅತ್ತಾಗ ಹೊಳ್ಳಿಸಿದ್ರ ನಾ ಸುಮ್ನ ಇರ್ತಿದ್ನೇನ್ರಿ? ಇವರು ಸುಮ್ನದಾರ. ಅದಕ್ಕ ನನಗ ನಾಚಿಕಿ ಬಂದೈತ್ರಿ."

ಹಿರಿಯ ತಿರುಗಿ ನಡೆದ. ಕಟ್ಟಳೆಯನ್ನು ಮಾತ್ರ ಬಿಡಲಿಲ್ಲ.

ನಾಲ್ಕು ದಿನ ಹಿಡಿಯಿತು ಬಿಚ್ಚಲು. ಪಾಯದವರೆಗೂ ಬಿಚ್ಚಿದ. ಗಾರೆ ಮೆತ್ತಿದ ಆ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಹೊರತೆಗೆದು, ತೊಳೆದು, ಮುದುಕನ ಮುಂದಿಟ್ಟ. ಮುದುಕ ಅವನ್ನು ಮತ್ತೆ ಸಾಲಾಗಿ ಇಟ್ಟ. ಈ ಸಲ ಗೌಂಡಿ ಗೂಟ ನೆಡಲಿಲ್ಲ. ನೂಲಿನ ಒಂದು ತುದಿಯನ್ನು ಮುದುಕನ ಕೈಗೆ ಕೊಟ್ಟ. "ನೀ ಎಲ್ಲಿ ಹಿಡೀತಿ ಹಿಡಿ ಕಾಕಾ" ಎಂದ. ಮುದುಕ ಕಲ್ಲಿನ ಸಾಲಿಗೆ ಬಗ್ಗಿ ನೂಲು ಹಿಡಿದ. ಅದು ಸಾಲಿಗೆ ಸರಿಯಾಗಿ ಕೂರುವವರೆಗೆ ಗೌಂಡಿ ಕಾದ.

ಮಸೀದಿ ಎದ್ದಿತು. ಒಳಗೆ ಎಲ್ಲರಿಗೂ ಜಾಗವಾಯಿತು. ಪಿಂಜಾರ ಮುದುಕ ಗುಡಿಯ ಹಿರಿಯರ ಬಳಿ ಹೋಗಿ, ಬಾಯಿಬಿಡದೆ ಇದ್ದ ತಪ್ಪು ನನ್ನದು, ಗೌಂಡಿಯದಲ್ಲ ಎಂದು ಕೈಮುಗಿದು ಬೇಡಿಕೊಂಡ. ಅವರೂ ಕೈಮುಗಿದರು, ಕಟ್ಟಳೆ ಮೀರಲಾಗದು ಎಂದರು. ಹುಣ್ಣಿಮೆಗೆ ಬೇರೆ ಊರಿನ ಗೌಂಡಿ ಬಂದು ಶಿಖರದ ಮೊದಲ ಕಲ್ಲಿಟ್ಟ.

ಕರಣೆ ಎತ್ತಬಾರದು ಎಂದು ಕಟ್ಟಳೆಯಲ್ಲಿತ್ತು. ನೀರು ಹೊರಬಾರದು ಎಂದಿರಲಿಲ್ಲ. ನಮ್ಮ ಗೌಂಡಿ ಶಿಖರ ಮುಗಿಯುವವರೆಗೂ ಗಾರೆಗೆ ನೀರು ಹೊತ್ತ. ಕೊಡ ಹೊತ್ತು ಅಟ್ಟಣೆ ಹತ್ತುವಾಗ ಅತ್ತನೋ ಇಲ್ಲವೋ ನನಗೆ ತಿಳಿಯದು. ಅತ್ತಿರಬೇಕು. ಅಪ್ಪನ ಗೋಡೆಯ ಮೇಲೆ ಬೇರೆಯವನ ಕೈ ಆಡುವುದನ್ನು ನೋಡುವುದು ಸಣ್ಣ ಮಾತಲ್ಲ. ಆದರೆ ಗೋಡೆ ಬಿಚ್ಚಿದ್ದಕ್ಕೆ ಒಂದು ದಿನವೂ ಹಳಹಳಿಸಲಿಲ್ಲ. ಅವನನ್ನು ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ ನನಗೆ. ದೇವರನ್ನು ನಂಬುವುದು ಅಂದರೆ ಹೇಗೆ ಎಂದು ನಾನು ಕಲಿತದ್ದು ಅವನಿಂದ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದಪ್ಪ ಕಣ್ಣೊರೆಸಿಕೊಂಡ.

"ದೊಡ್ಡ ಮನುಷ್ಯ, ಗುರುಗಳೇ. ನಾಳೆ ಸಭೆಯಲ್ಲಿ ಈ ಕತೆಯನ್ನೇ ಹೇಳುತ್ತೇನೆ. ಪುಣ್ಯಕ್ಕೆ ನಮ್ಮ ಊರಿನಲ್ಲಿ ಅಂಥ ಗೋಡೆ ಯಾವುದೂ ಇಲ್ಲ. ಇದ್ದಿದ್ದರೆ ಇಷ್ಟು ವರ್ಷಗಳಲ್ಲಿ ಅವರು ಒಂದು ಮಾತಾದರೂ ಹೇಳುತ್ತಿದ್ದರು."

ಗುರುಗಳು ಕೇಳಿದರು: "ಅವರು ಹೇಗೆ ನಿಂತಿದ್ದಾರೆ ಎಂದು ನೀನು ಎಂದಾದರೂ ಬಾಗಿಲಲ್ಲಿ ನಿಂತು ನೋಡಿದ್ದೀಯಾ?"