ಹಗೇವು ಕಾದ ಭರಮಣ್ಣ

ಎಷ್ಟು ತಲೆಮಾರಿನ ಹಿಂದಿನ ಮಾತೋ, ಹೇಳುವವರಿಗೂ ಗೊತ್ತಿಲ್ಲ, ಕೇಳುವವರೂ ಕೇಳಿಲ್ಲ. ಎರೆಹೊಲಗಳ ನಡುವೆ ಒಂದು ಊರಿತ್ತಂತೆ. ಊರ ಹೊರಗೆ ಬನ್ನಿಗಿಡದ ಪಕ್ಕದಲ್ಲಿ ಒಂದು ಹಗೇವು. ನೆಲವನ್ನು ಬಾವಿಯ ಹಾಗೆ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಅದೇ ಹಗೇವು. ಬೇರೆ ಊರುಗಳಲ್ಲಿ ಹಗೇವು ಮನೆಗೊಂದು. ಇಲ್ಲಿ ಇದೊಂದು ಮಾತ್ರ ಊರಿಗೆಲ್ಲ ಸೇರಿದ್ದು. ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯವರೂ ತಮ್ಮ ಕೈಲಾದಷ್ಟು ತಂದು ಸುರಿಯುತ್ತಿದ್ದರು.

ಯಾರಿಗೆ ಅಂದರೆ, ಗಂಡನಿಲ್ಲದ ಬಸುರಿ-ಬಾಣಂತಿಗೆ ಕೂಸು ಅಂಬೆಗಾಲಿಡುವತನಕ. ತಬ್ಬಲಿಗೆ ಮೀಸೆ ಬರುವತನಕ. ಕಾಲು ಮುರಿದವನಿಗೆ ಎದ್ದು ನೇಗಿಲು ಹಿಡಿಯುವತನಕ. ಕೈ ಸೋತ ಮುದುಕರಿಗೆ ಇರುವತನಕ. ತಿರುಗಿ ಕೊಡುವ ಮಾತೇ ಇಲ್ಲ.

ಅದನ್ನು ಕಾಯಲು ಊರವರು ಭರಮಣ್ಣನನ್ನು ಇಟ್ಟರು. ಅವನಿಗೆ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಯಾವುದೋ ಜ್ವರ ಬಂದು ಮನೆಮಂದಿಯನ್ನೆಲ್ಲ ಒಯ್ದು ಇವನೊಬ್ಬನನ್ನು ಬಿಟ್ಟುಹೋಗಿತ್ತಂತೆ. ಅಣ್ಣತಮ್ಮಂದಿರಿದ್ದವನಾದರೆ ಅವರ ಕಡೆ ಕೈ ವಾಲುತ್ತದೆ, ಇವನ ಕೈ ಯಾರ ಕಡೆ ವಾಲೀತು ಅಂದರು ಹಿರಿಯರು. ಅವನ ಒಂಟಿತನವೇ ಅವನಿಗೆ ಕೆಲಸ ಕೊಡಿಸಿತು. ಜೊತೆಗೊಂದು ಕಟ್ಟಳೆಯನ್ನೂ ಹಾಕಿದರು: ಹಗೇವು ಕಾಯುವವನು ಹಗೇವಿನ ಕಾಳು ಉಣ್ಣಬಾರದು. ಭರಮಣ್ಣ ಹಗ್ಗ ಹೊಸೆದು ಹೊಟ್ಟೆ ಹೊರೆದುಕೊಳ್ಳುತ್ತಿದ್ದ.

ಹಗೇವಿನೊಳಗೆ ಇಳಿಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಮುಚ್ಚಿಟ್ಟ ಗಾಳಿ ಆಳನ್ನು ಕೊಲ್ಲುತ್ತದೆ. ಭರಮಣ್ಣ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದ. ದೀಪ ಕುಗ್ಗಿದರೆ ಕಾಯುತ್ತಿದ್ದ, ನೆಟ್ಟಗೆ ನಿಂತರೆ ಇಳಿಯುತ್ತಿದ್ದ. ಆ ಉರಿಯ ಮಾತು ಅವನೊಬ್ಬನಿಗೇ ತಿಳಿಯುತ್ತಿತ್ತು ಅಂತಾರೆ.

ಆಗ ಅವನದು ದೊಡ್ಡ ಗಂಟಲು. ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತು, "ಹಗೇವಿನ ಕಾಳು ಬಂದೈತ್ರೀ, ತಗೋರಿ" ಅಂತ ಕೂಗಿದರೆ ಮೂರು ಓಣಿಗೆ ಕೇಳಿಸುತ್ತಿತ್ತು. ಒಳ್ಳೆಯ ಕೆಲಸ, ಕೂಗಿ ಮಾಡಿದರೆ ಏನು ತಪ್ಪು ಅಂದುಕೊಂಡಿದ್ದ.

ಆ ಊರಲ್ಲಿ ನೀಲವ್ವ ಅಂತ ಒಬ್ಬ ಸೂಲಗಿತ್ತಿ. ಊರಿನ ಅರ್ಧ ಮಂದಿ ಮೊದಲು ಬಿದ್ದದ್ದು ಅವಳ ಕೈಮೇಲೆ. ಆ ಕೈಗಳೇ ನಡುಗತೊಡಗಿದಾಗ ಭರಮಣ್ಣ ಅವಳ ಬಾಗಿಲಲ್ಲೂ ಕೂಗಿದ. ಹಗೇವಿನ ಜೋಳಕ್ಕೆ ಮುಗ್ಗಲು ವಾಸನೆ. ರೊಟ್ಟಿ ಹೆಂಚಿಗೆ ಬಿದ್ದರೆ ಓಣಿಗೆಲ್ಲ ತಿಳಿಯುತ್ತದೆ. ಮರುದಿನ ಬಾವಿಯ ಹತ್ತಿರ ಒಬ್ಬಳು, "ಏನಬೇ ಆಯಿ, ನಿನ್ನ ರೊಟ್ಟಿ ಓಣಿ ತುಂಬ ಡಂಗುರ ಸಾರಾಕತ್ತೈತಲ್ಲ" ಅಂದಳು. ಹುಡುಗಿಯರು ನಕ್ಕರು. ನೀಲವ್ವನೂ ನಕ್ಕಳಂತೆ.

ಅವತ್ತಿನಿಂದ ಅವಳ ಮನೆಯಿಂದ ಮುಗ್ಗಲು ವಾಸನೆ ಬರಲಿಲ್ಲ. ಹೊಗೆ ಮಾತ್ರ ದಿನಾ ಏಳುತ್ತಿತ್ತು. ಯಾರಾದರೂ ಕೇಳಿದರೆ, ಉಂಡೇನವ್ವ ಅನ್ನುತ್ತಿದ್ದಳು. ಒಂದು ದಿನ ಹೊಗೆಯೂ ನಿಂತಿತು. ಬಾಗಿಲು ತೆಗೆದು ನೋಡಿದರೆ ಒಲೆಯ ಮೇಲೆ ಬರೀ ನೀರಿನ ಗಡಿಗೆ. ಮೂಲೆಯಲ್ಲಿ ಕಾಳಿನ ಗಂಟು. ಮೊದಲ ದಿನ ಒಂದು ಹಿಡಿ ತೆಗೆದು ಬೀಸಿಕೊಂಡದ್ದು, ಮತ್ತೆ ಅದಕ್ಕೆ ಕೈ ಹಚ್ಚಿರಲಿಲ್ಲ.

ಭರಮಣ್ಣ ಆ ಗಂಟನ್ನು ಎತ್ತಿಕೊಂಡು ಹೋಗಿ ಹಗೇವಿನ ಚಪ್ಪಡಿಯ ಮೇಲೆ ಕೂತ. ಅವನ ದೊಡ್ಡ ಗಂಟಲು ಅಲ್ಲಿಗೇ ಮುಗಿಯಿತು ಅಂತಾರೆ. ಆಮೇಲೆ ಅವನು ಕೂಗಿದ್ದನ್ನು ಕೇಳಿದವರಿಲ್ಲ.

ಅದೇ ವರ್ಷ ಸಂಕವ್ವನ ಗಂಡ ಸಿಡಿಲು ಬಡಿದು ಹೋದ. ಅವಳಿಗೆ ಎಂಟು ತಿಂಗಳು. ಭರಮಣ್ಣ ಮೆಲ್ಲಗೆ ಹೋಗಿ ಬಾಗಿಲ ಹೊರಗೆ ಬುಟ್ಟಿ ಇಟ್ಟ. ಅವಳು ಬುಟ್ಟಿಯನ್ನು ಕಾಲಿಂದ ಹೊರಗೆ ಸರಿಸಿ, "ನಮ್ಮನ್ಯಾಗ ಐತಿ ಕಾಕಾ" ಅಂದಳು. ಒಳಗೆ ಹೊಗೆ ಏಳುತ್ತಿತ್ತು. ಎಂಥ ಹೊಗೆ ಅಂತ ಅವನಿಗೆ ಗೊತ್ತಿತ್ತು. ಇನ್ನೊಬ್ಬಳು ಹೋಗುತ್ತಾಳೆ, ಈ ಸಲ ಇಬ್ಬರು ಹೋಗುತ್ತಾರೆ ಅಂತ ಅವನ ಎದೆ ಹೇಳಿತು.

ನೆಟ್ಟಗೆ ಚಾವಡಿಗೆ ಹೋದ. ಇನ್ನು ಮೇಲೆ ಅಮಾಸಿಗೊಮ್ಮೆ ಎಲ್ಲ ಮನೆಯವರೂ ಹಗೇವಿನ ಕಾಳು ಒಯ್ಯಬೇಕು, ಎಲ್ಲ ಮನೆಯ ಹಿಟ್ಟಿಗೂ ಅದು ಬೆರೆಯಬೇಕು ಅಂದ. ಊರಗೌಡ ನಕ್ಕ. "ಹೊಸ ಜೋಳ ಮನಿ ತುಂಬ ಐತಿ, ಆ ಮುಗ್ಗಲು ನಾ ಯಾಕ ತಿನ್ನಲೋ? ನಿನಗ ಹಗೇವಿನ ಗಾಳಿ ನೆತ್ತಿಗೇರೈತಿ."

ಹಾಗಾದರೆ ನಾನು ಇಳಿಯುವುದಿಲ್ಲ ಅಂದ ಭರಮಣ್ಣ. ಎಲ್ಲರ ಬುಟ್ಟಿ ಬರುವತನಕ ಯಾರ ಬುಟ್ಟಿಯೂ ತುಂಬುವುದಿಲ್ಲ. ಬೇಕಾದವರು ಇಳಿದು ನೋಡಲಿ.

ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಜನ ಬೈದರು, ಮಣ್ಣು ತೂರಿದರು. ಅವನು ಚಪ್ಪಡಿ ಬಿಟ್ಟು ಏಳಲಿಲ್ಲ. ಸಂಕವ್ವನ ಮನೆಯ ಹೊಗೆ ನೋಡುತ್ತ ಕೂತ. ನಿಂತೀತೇನೋ ಅಂತ ಕಣ್ಣು ಮುಚ್ಚದೆ ನೋಡಿದ.

ಮೂರನೆಯ ದಿನ ಗೌಡನ ತಾಯಿ ಕೋಲೂರಿಕೊಂಡು ಬಂದಳು, ಕಂಕುಳಲ್ಲಿ ಬುಟ್ಟಿ. ಹಿಂದೆಯೇ ಗೌಡ, ಮನಿ ಮರ್ಯಾದಿ ತೆಗೀಬ್ಯಾಡಬೇ ಅಂತ ಗೊಣಗುತ್ತ. ಮುದುಕಿ ತಿರುಗಿ ನೋಡಿದಳು. "ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿ ಹಸದು ಸತ್ತಳೋ. ಮರ್ಯಾದಿ ಇನ್ನ ಎಲ್ಲೈತಿ?"

ಅವಳ ಬುಟ್ಟಿಯ ಹಿಂದೆ ಇನ್ನೊಂದು ಬಂತು, ಆಮೇಲೆ ಹತ್ತು ಬಂದವು, ಆಮೇಲೆ ಊರೇ ಬಂತು. ಭರಮಣ್ಣ ದೀಪ ಇಳಿಬಿಟ್ಟ. ಆ ದಿನ ಊರಿನ ಎಲ್ಲ ಹೆಂಚುಗಳಿಂದ ಒಂದೇ ವಾಸನೆ ಎದ್ದಿತು. ಸಂಕವ್ವನ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಮೇಲೆ ಅವನು ಎದ್ದು ಮನೆಗೆ ಹೋದನಂತೆ.

ಅಂದಿನಿಂದ ಹಾಗೇ ನಡೆಯಿತು. ಬುಟ್ಟಿಗಳ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. ಉಳ್ಳವರ ಬುಟ್ಟಿಯಲ್ಲಿ ಒಂದು ಹಿಡಿ, ಇಲ್ಲದವರ ಬುಟ್ಟಿ ತುಂಬ. ಯಾರದು ಭಾರ, ಯಾರದು ಹಗುರ ಅಂತ ತಿಳಿದವನು ಭರಮಣ್ಣ ಒಬ್ಬನೇ. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೂ ಭಾರದ ಬುಟ್ಟಿ ಒಯ್ದವರು ಹಾದಿಯಲ್ಲಿ ಅವನು ಎದುರಾದರೆ ಬೇರೆ ಕಡೆ ತಿರುಗುತ್ತಿದ್ದರು. ಊರಲ್ಲಿ ಎಲ್ಲರಿಗೂ ಒಂದಲ್ಲ ಒಂದು ವರ್ಷ ಬುಟ್ಟಿ ಭಾರವಾಗುತ್ತದೆ. ಹೀಗಾಗಿ ವರ್ಷ ಕಳೆದ ಹಾಗೆ ಅವನನ್ನು ಮದುವೆಗೆ ಕರೆಯುವವರಿಲ್ಲ, ಕಟ್ಟೆಯ ಮೇಲೆ ಜಾಗ ಕೊಡುವವರಿಲ್ಲ. ಬೈಗುಳವಿಲ್ಲ, ಜಗಳವಿಲ್ಲ. ಅವನು ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಕಡೆಕಡೆಗೆ ಅವನು ಹಗೇವಿನ ದೀಪದ ಜೊತೆ ಮಾತಾಡುತ್ತಿದ್ದ ಅಂತಾರೆ.

ಹೀಗೇ ಮುಪ್ಪು ಬಂತು. ಇಳಿಯುವ ವಿದ್ಯೆಯನ್ನು ಸಂಕವ್ವನ ಮಗ, ಆಗಲೇ ಎರಡು ಮಕ್ಕಳ ತಂದೆ, ಕಲಿತುಕೊಂಡ. ಭರಮಣ್ಣನ ಬೆರಳು ಸೆಟೆದುಕೊಂಡವು, ಹಗ್ಗ ಹೊಸೆಯಲು ಬರಲಿಲ್ಲ. ಇಳಿಯುವುದು ಬಿಟ್ಟರೂ ಕಟ್ಟಳೆ ಕಟ್ಟಳೆಯೇ. ಊರಿಗೆಲ್ಲ ಬುಟ್ಟಿ ಉಂಟು, ಅವನಿಗಿಲ್ಲ. ಅವನು ಗಡಿಗೆಗೆ ನೀರು ಸುರಿದು ಒಲೆಯ ಮೇಲಿಟ್ಟು ಕುಳ್ಳು ಹಚ್ಚಿದ. ಹೊಗೆ ಎದ್ದಿತು. ಊರು ನೋಡಿ ಸುಮ್ಮನಾಯಿತು.

ಸಂಕವ್ವ ಸುಮ್ಮನಾಗಲಿಲ್ಲ. ಅಂಥ ಹೊಗೆ ಅವಳೂ ಹಾಕಿದವಳು. ಹೊಗೆ ಬರುತ್ತದೆ, ಬಡಿಯುವ ಸಪ್ಪಳವೇ ಇಲ್ಲವಲ್ಲ ಅಂದುಕೊಂಡು ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಹೋದಳು. ಅವನ ಕಣ್ಣು ಮಂಜಾಗಿದ್ದವು.

"ಹಗೇವಿಂದಾದ್ರ ಒಲ್ಲೆ ತಂಗಿ. ಯಾರ ಮನೀದಿದು?"

"ವಾಸನಿ ನೋಡಿ ನೀನ ಹೇಳು ಕಾಕಾ."

ಅವನು ರೊಟ್ಟಿಯನ್ನು ಮೂಗಿಗೆ ಹಿಡಿದ. ಗೌಡನ ಮನೆಯದೋ, ಅಗಸರ ಮನೆಯದೋ, ಸಂಕವ್ವನದೋ, ಹಗೇವಿನದೋ. ಎಲ್ಲ ಒಂದೇ ವಾಸನೆ. ಯಾರೂ ಗುರುತಿಸಬಾರದು ಅಂತ ತಾನೇ ಹಾಗೆ ಮಾಡಿಟ್ಟಿದ್ದ. ಆಮೇಲೆ ಒಂದು ತುತ್ತು ಮುರಿದ. ಅವಳು ಅವನು ಉಣ್ಣುವುದನ್ನು ನೋಡದೆ ಬಾಗಿಲ ಕಡೆ ಮುಖ ಮಾಡಿ ಕೂತಳು.

ಈಗ ಆ ಹಗೇವಿಲ್ಲ. ಬನ್ನಿಗಿಡದ ಪಕ್ಕ ಒಂದು ತಗ್ಗು, ಅದರ ಅಂಚಿಗೆ ಭರಮಣ್ಣನ ಮನೆಯ ಬಿದ್ದ ಗೋಡೆ. ಆದರೂ ಅಮಾಸಿ ದಿನ ಆ ಊರ ಹೆಂಗಸರು ತಮ್ಮ ರೊಟ್ಟಿ ಬಡಿದು ಮುಗಿಸಿದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತು ಕಿವಿಗೊಡುತ್ತಾರೆ. ಯಾವ ಮನೆಯಿಂದ ಸಪ್ಪಳ ಕೇಳಲಿಲ್ಲವೋ ಆ ಮನೆಗೆ ಬಟ್ಟೆ ಮುಚ್ಚಿದ ಬುಟ್ಟಿ ಹೋಗುತ್ತದೆ. ಇಟ್ಟವರು ಮುಖ ನೋಡುವುದಿಲ್ಲ, ನಿಲ್ಲುವುದಿಲ್ಲ.

ಬಿದ್ದ ಗೋಡೆಯ ಕಡೆಯಿಂದ ಯಾವ ಸಪ್ಪಳವೂ ಬರುವುದಿಲ್ಲ. ಅಲ್ಲಿಗೂ ಒಂದು ಬುಟ್ಟಿ ಹೋಗುತ್ತದೆ.