ಗಂಡ ಬಿಟ್ಟೋಳನ್ನ ಕರ್ಕೊಂಡು ಬಾ

ಆ ಊರಲ್ಲಿ ಹೆಂಗಸ್ರನ್ನ ಹೆಸ್ರಿಡಿದು ಕರೆಯೋ ಪದ್ಧತಿನೇ ಇಲ್ಲ. ಒಬ್ಬಳು ಮೂಗುಬೊಟ್ಟು ಕಳ್ಕೊಂಡೋಳು, ಇನ್ನೊಬ್ಬಳು ಸೊಸೆ ಕೈಲಿ ಏಟು ತಿಂದೋಳು. ಸತ್ತಾಗ್ಲೂ ಹಂಗೇ ಹೇಳ್ಕೊಂಡು ಅಳ್ತಾರೆ.

ನಂಜಮಣ್ಣಿ ತನ್ನ ಬೀದಿಗೆಲ್ಲ ಗಂಡ ಬಿಟ್ಟೋಳು.

ಅವ್ಳು ದಿನಾ ಹೊಳೆ ದಂಡೆ ಮಠಕ್ಕೆ ಹೋಗಿ ಚನ್ನವೀರಯ್ಯ ಮೇಷ್ಟ್ರ ಹತ್ರ ಇಂಗ್ಲಿಷ್ ಕಲೀತಿದ್ಲು. ಪ್ಯಾಟೆಲಿ ಒಂದು ಕಾನ್ವೆಂಟ್ ಹಾಸ್ಟೆಲ್ಲು, ಮಕ್ಕಳನ್ನ ನೋಡ್ಕೊಳ್ಳೋಕೆ ಹೆಂಗಸು ಬೇಕಂತೆ. ನಾಳೆ ಅಲ್ಲಿನ ದೊಡ್ಡಮ್ಮನೋರು 'ನೀನ್ಯಾರು' ಅಂತ ಇಂಗ್ಲಿಷಲ್ಲಿ ಕೇಳ್ತಾರೆ, ಇಂಗ್ಲಿಷಲ್ಲೇ ಹೇಳ್ಬೇಕು. ತಪ್ಪಿದ್ರೆ ಅತ್ತಿಗೆ ಮನೆ ಒಲೆನೇ ಗತಿ. ಆ ಅತ್ತಿಗೆ ನಾಲಿಗೆಗಿಂತ ಒಲೆನೇ ತಣ್ಣಗಿರ್ತದೆ ಅನ್ನಿ.

ಎರಡು ಬಿಡಿ ಮಾತನ್ನ ಕಡ್ಡಿ ಚುಚ್ಚಿ ಎಲೆ ಹಚ್ಚಿದಂಗೆ ಒಂದು ಮಾಡೋದನ್ನ ಮೇಷ್ಟ್ರು ಕಲಿಸಿದ್ರು. ನಾನೊಬ್ಬ ಹೆಂಗಸು. ನನ್ನ ಗಂಡ ಬಿಟ್ಟುಹೋದ. ಇವೆರಡನ್ನೂ ಸೇರ್ಸಿ ನಂಜಮಣ್ಣಿ ಒಪ್ಪಿಸಿದ್ಲು.

"ಐ ಆಮ್ ದ ವುಮನ್ ಹೂಸ್ ಹಸ್ಬೆಂಡ್ ಲೆಫ್ಟ್."

ಆ 'ಹೂಸ್' ಅನ್ನೋ ಪದ ಬಂದಾಗೆಲ್ಲ ಮೊದಮೊದ್ಲು ಅವ್ಳು ಸೆರಗು ಬಾಯಿಗಿಟ್ಕೊಂಡು ನಗ್ತಿದ್ಲು. ಇವತ್ತು ನಗ್ಲಿಲ್ಲ.

"ತಪ್ಪು," ಅಂದ್ರು ಮೇಷ್ಟ್ರು.

ಸೇರ್ಸಿದ್ದು ತಪ್ಪಾ ಅಂದ್ಲು. ಅದು ಸರಿಯಾಗೇ ಐತೆ ಅಂದ್ರು. ಪದ ತಪ್ಪಾ ಅಂದ್ಲು. ಇಲ್ಲ ಅಂದ್ರು. ನಂಜಮಣ್ಣಿಗೆ ತಲೆ ಕೆಟ್ಟು ಮೊಸರಾಯ್ತು.

"ಹೊಳೆ ಮೆಟ್ಲಿಗೆ ಹೋಗಿ, ಗಂಡ ಬಿಟ್ಟೋಳನ್ನ ಕರ್ಕೊಂಡು ಬಾ."

"ನಾನಿಲ್ಲೇ ಕುಂತಿದೀನಲ್ಲ ಮೇಷ್ಟ್ರೇ."

"ಹೋಗು."

ಮುದುಕಂಗೆ ಅರಳುಮರಳು ಅಂದ್ಕೊಂಡೇ ಹೋದ್ಲು. ಹೊಳೆ ಮೆಟ್ಲ ಮೇಲೆ ಹೆಂಗಸ್ರು ಮಠದ ಊಟಕ್ಕೆ ಮುತ್ತುಗದೆಲೆ ಹಚ್ಕೊಂಡು ಊರಿನ ಹೊಲಸೆಲ್ಲ ಬಾಯಲ್ಲೇ ತೊಳೀತಿದ್ರು. ನಂಜಮಣ್ಣಿ ನೆಲ ನೋಡ್ಕೊಂಡು, ಗಂಡ ಬಿಟ್ಟೋಳನ್ನ ಮೇಷ್ಟ್ರು ಕರೀತಾವ್ರೆ ಅಂದ್ಲು.

ಕಡ್ಡಿ ಚುಚ್ಚೋ ಕೈಗಳು ನಿಂತ್ವು.

ಮೊದ್ಲು ಎದ್ದೋಳು ಕಾಳಿಂಗಮ್ಮ. ಹಣೆ ತುಂಬ ಕುಂಕುಮ ಇಟ್ಕೊಂಡು, ನಮ್ಮೋರು ಕೊಡಗಿನ ಎಸ್ಟೇಟ್ನಾಗವ್ರೆ, ದೀಪಾವಳಿಗೆ ಬತ್ತಾರೆ ಅಂತ ವರ್ಸಾ ವರ್ಸಾ ಹೇಳ್ಕೊಂಡು ಬಂದೋಳು. ಸೆರಗಿಗೆ ಕೈ ಒರೆಸ್ಕೊಂಡು, "ನಡಿ," ಅಂದ್ಲು.

ಹಿಂದೆನೇ ದೊಡ್ಡೀರಮ್ಮ ಮಂಡಿ ಹಿಡ್ಕೊಂಡು ಎದ್ಲು.

"ನಿನ್ನ ಗಂಡ ಈಗ್ಲೂ ಜಗಲಿ ಮೇಲೆ ಎಲೆ ಅಡಿಕೆ ಹಾಕ್ತಾವ್ನಲ್ಲ ಅಜ್ಜಿ," ಅಂದ್ಲು ನಂಜಮಣ್ಣಿ.

"ಜಗಲಿ ಬಿಟ್ಟಿಲ್ಲ ಅಷ್ಟೇ. ನನ್ನ ಮಾತಾಡ್ಸಿ ಎಷ್ಟು ಕಾಲ ಆಯ್ತೋ."

ಮೂಲೆಲಿದ್ದ ಹೊಸ ಮದುವಣಗಿತ್ತಿನೂ ಎದ್ಲು. ಅವ್ಳು ಏನೂ ಹೇಳ್ಲಿಲ್ಲ. ಯಾರೂ ಕೇಳ್ಲೂ ಇಲ್ಲ.

ನಂಜಮಣ್ಣಿಗೆ ಮರುಕಾನೂ ಬಂತು, ಸಿಟ್ಟೂ ಬಂತು. ಇಷ್ಟು ದಿನ ಈ ಸಂಕಟ ತನ್ನೊಬ್ಬಳ ಸ್ವಂತ ಆಸ್ತಿ ಅಂದ್ಕೊಂಡಿದ್ಲಲ್ಲ, ಈಗ ಪಾಲುದಾರರು ಎದ್ದು ಬಂದಂಗಿತ್ತು.

ಎಲ್ಲರೂ ಮಠದ ಜಗಲಿ ಮುಂದೆ ಬಂದು ನಿಂತ್ರು. ಮೇಷ್ಟ್ರು ಒಬ್ಬೊಬ್ಬರಿಗೂ ಮಜ್ಜಿಗೆ ಕೊಟ್ಟು, ಹೊಳೆ ನೀರು ಇಳೀತಾ ಅಂತ ವಿಚಾರಿಸಿ ಕಳಿಸಿದ್ರು. ಯಾಕೆ ಕರೆದ್ರಿ ಅಂತ ಕೇಳದೆನೇ ಅವ್ರೂ ಹೋದ್ರು. ಹೋಗೋವಾಗ ಕಾಳಿಂಗಮ್ಮ ಹೊಸ ಮದುವಣಗಿತ್ತಿ ಹೆಗಲ ಮೇಲೆ ಕೈ ಹಾಕಿದ್ಲು.

"'ದ ವುಮನ್' ಅಂದ್ರೆ ಒಬ್ಬಳೇ. ನಾನು ಕರೆದಿದ್ದೂ ಒಬ್ಬಳನ್ನ," ಅಂದ್ರು ಮೇಷ್ಟ್ರು.

"ಇಷ್ಟು ಜನ ಎದ್ರು, ಏನ್ ಮಾಡ್ಲಿ."

"ಯಾರಾದ್ರೂ ಸುಳ್ಳುಸುಳ್ಳೇ ಎದ್ರಾ?"

"ಇಲ್ಲ."

ನಂಜಮಣ್ಣಿ ಕೇಳಿದ್ಲು, "ಗಂಡ ಬಿಟ್ಟೋಳು ಅನ್ನೋದನ್ನೂ ತೆಗೆದ್ಬಿಟ್ರೆ ನಾಳೆ ನಾನ್ಯಾರು ಅಂತ ಹೇಳ್ಲಿ ಮೇಷ್ಟ್ರೇ? ನನ್ನ ಹತ್ರ ಬೇರೆ ಏನೈತೆ?"

ಮೇಷ್ಟ್ರು ಮಜ್ಜಿಗೆ ಚೊಂಬು ಬೋರಲು ಹಾಕಿದ್ರು.

"ಹೋಗಿ ಅವ್ರ ಜೊತೆ ಮೆಟ್ಲ ಮೇಲೆ ಕುಂತ್ಕೊ. ಅವರೆಲ್ಲ ಕುಂತೇ ಇದ್ದು, ನೀನೊಬ್ಬಳೇ ಏಳೋ ಅಂಥ ಮಾತು ಹುಡುಕಿ ಕೂಗು."