ಕತ್ತರಿ ಹಾಕದ ಅಂಗಿ

‘ಅಜ್ಜಯ್ಯ, ನನಗೆ ಕಾವಿ ಯಾವಾಗ ಕೊಡ್ತೀರಿ?’

ಕೇಳಿದವನು ತಿಪ್ಪೇಶ. ಮನೆ ಬಿಟ್ಟು, ಹೊಳೆ ದಂಡೆಯ ಆಶ್ರಮ ಸೇರಿ ವರ್ಷದ ಮೇಲಾಗಿತ್ತು. ನೀರು ಹೊತ್ತಿದ್ದ, ಸೌದೆ ಒಡೆದಿದ್ದ, ಧ್ಯಾನಕ್ಕೆ ಕೂತು ನಿದ್ದೆಯನ್ನೂ ಮಾಡಿದ್ದ. ಆದರೂ ಮೈಮೇಲೆ ಇನ್ನೂ ಊರಿನ ಪಂಚೆ, ಊರಿನ ಅಂಗಿ.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಯ್ಯ ಅಂತಲೇ ಕರೆಯುತ್ತಿದ್ದರು. ಅವರು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

‘ನಿನಗೆ ಹೊಲಿಯೋಕೆ ಬರುತ್ತಾ?’

‘ಗುಂಡಿ ಕಿತ್ತು ಹೋದ್ರೆ ಹಾಕ್ಕೊಳ್ಳೋಷ್ಟು ಬರುತ್ತೆ.’

‘ಸಾಕು.’

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಕಾವಿ ಬೇಕು ಅನ್ನುವವನು ಅಂಗಡಿಯಿಂದ ಹೊಸ ಬಟ್ಟೆ ತರುವ ಹಾಗಿಲ್ಲ. ತಾನು ಬಿಟ್ಟು ಬಂದ ಮನೆಗೆ ಹೋಗಬೇಕು. ಅಲ್ಲಿ ಹಾಸಿದ್ದು, ಹೊದ್ದದ್ದು, ಬಾಗಿಲಿಗೆ ಕಟ್ಟಿದ್ದು, ಮನೆಯವರು ಏನನ್ನು ಕೈಯೆತ್ತಿ ಕೊಡುತ್ತಾರೋ ಅದನ್ನು ತರಬೇಕು. ಅದರಲ್ಲೇ ತನ್ನ ನಿಲುವಂಗಿ ತಾನೇ ಹೊಲಿದುಕೊಳ್ಳಬೇಕು. ವರ್ಷಕ್ಕೆ ಒಂದೇ ಸಲ, ಈಗ ಬರುವ ಹುಣ್ಣಿಮೆಯ ದಿನ, ಅಜ್ಜಯ್ಯ ಅದನ್ನು ಕಾವಿಮಣ್ಣಿನ ನೀರಿಗೆ ಅದ್ದಿ ಕೊಡುತ್ತಾರೆ. ಆ ಹುಣ್ಣಿಮೆ ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

‘ಮನೇಲಿ ಯಾರಿದ್ದಾರೆ?’ ಅಂದರು ಅಜ್ಜಯ್ಯ.

‘ಹೆಂಡತಿ. ಹಾಲಮ್ಮ ಅಂತ. ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗ್ತಾಳೆ.’

‘ನೀನು ಹೊರಟಾಗ ಏನಂದಳು?’

‘ಏನೂ ಅನ್ನಲಿಲ್ಲ ಅಜ್ಜಯ್ಯ.’

‘ಏನೂ?’

‘ಆಗ ಅವಳು ಕೆಲಸಕ್ಕೆ ಹೋಗಿದ್ಳು.’

ಅಜ್ಜಯ್ಯ ಒಂದು ಹುಳುಕು ಕಾಯಿ ಆರಿಸಿ ಆಚೆ ಎಸೆದರು. ‘ಹೋಗಿ ಬಾ’ ಅಂದರು.

*

ತಿಪ್ಪೇಶ ಮನೆ ಮುಂದೆ ನಿಂತಾಗ ಹಾಲಮ್ಮ ಆಗಷ್ಟೇ ಭಟ್ಟಿಯಿಂದ ಬಂದಿದ್ದಳು. ತಲೆಗೂದಲ ಮೇಲೆ ಬೂದಿ ಕೂತಿತ್ತು.

ಇವನನ್ನು ನೋಡಿದಳು. ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದಿಟ್ಟಳು.

‘ಬಟ್ಟೆ ಬೇಕಿತ್ತು’ ಅಂದ.

‘ಯಾವ ಬಟ್ಟೆ?’

‘ಮನೇದು. ಚಾದರ, ದಿಂಬಿನ ಚೀಲ, ಪರದೆ, ಯಾವುದಾದ್ರೂ ಸರಿ. ಅದರಲ್ಲಿ ಅಂಗಿ ಹೊಲ್ಕೋಬೇಕು. ಆಮೇಲೆ ಕಾವಿ.’

ಹಾಲಮ್ಮ ತಲೆಯ ಬೂದಿ ಕೊಡವಿಕೊಂಡಳು.

‘ಉಂಡಿದ್ದೀರಾ?’

‘ಹ್ಞೂಂ.’

‘ಇಲ್ಲ, ಉಂಡಿಲ್ಲ’ ಅಂದು ಒಳಗೆ ಹೋಗಿ ರೊಟ್ಟಿ ತಂದಳು. ಅವನು ತಿಂದ. ಕೈ ತೊಳೆದ ಮೇಲೆ, ‘ನಾಡಿದ್ದು ಬನ್ನಿ. ಒಗೆದು ಇಟ್ಟಿರ್ತೀನಿ’ ಅಂದಳು.

ನಾಡಿದ್ದು ಹೋದಾಗ ಗಂಟು ಸಿದ್ಧವಾಗಿತ್ತು. ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

‘ಹಿಡ್ಕೊಳ್ಳಿ.’

ಅಷ್ಟೇ. ಅವನೂ ಅಷ್ಟಕ್ಕೇ ಹೊರಟ. ಬೀದಿ ತಿರುವಿನಲ್ಲಿ ಹಿಂದಿರುಗಿ ನೋಡಿದ. ಬಾಗಿಲಲ್ಲಿ ಪರದೆ ಇರಲಿಲ್ಲ. ಒಳಗಿನ ಒಲೆ, ಒಲೆ ಮುಂದಿನ ಮಣೆ, ಎಲ್ಲ ಬೀದಿಗೇ ಕಾಣುತ್ತಿತ್ತು.

*

ಆಶ್ರಮಕ್ಕೆ ಬಂದು ಗಂಟು ಬಿಚ್ಚಿದ. ಅಡುಗೆ ನೋಡಿಕೊಳ್ಳುವ ಕರಿಬಸಪ್ಪ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನು ತಿಪ್ಪೇಶನಿಗಿಂತ ಹಳೆಯ ಶಿಷ್ಯ. ಬಾಯಿ ಸುಮ್ಮನಿರುವವನಲ್ಲ.

ಒಂದು ದೊಡ್ಡ ಚಾದರ. ಎರಡು ದಿಂಬಿನ ಚೀಲ. ಬಾಗಿಲ ಪರದೆ. ಟ್ರಂಕಿನ ಮೇಲೆ ಹೊದಿಸುತ್ತಿದ್ದ ಹೂವಿನ ಬಟ್ಟೆ. ಒಗೆದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿದ್ದಳು.

ಚಾದರ ಹರಡಿದ ತಿಪ್ಪೇಶನ ಕೈ ನಿಂತಿತು. ಹರಿದ ಕಡೆಯೆಲ್ಲ ತೇಪೆ. ಹಳೇ ತೇಪೆಯಲ್ಲ, ಹೊಸದು. ದಾರದ ಬಿಳುಪು ಇನ್ನೂ ಮಾಸಿರಲಿಲ್ಲ. ಪರದೆಯ ಮೂಲೆಗೂ ಹಾಕಿದ್ದಳು. ದಿಂಬಿನ ಚೀಲಕ್ಕೂ.

‘ನಿನ್ನೆ ಮೊನ್ನೆ ಹಾಕಿದ್ದು ಇದು’ ಅಂದ ತಿಪ್ಪೇಶ. ‘ಹೇಗಿದ್ರೂ ಕತ್ತರಿಸೋ ಬಟ್ಟೆ. ಅದಕ್ಕೆ ಯಾಕೆ ತೇಪೆ ಹಾಕಿದಳು?’

‘ಹರಿದದ್ದನ್ನ ಹೊರಗೆ ಕೊಟ್ರೆ ಮನೆ ಮಾನ ಹೋಗುತ್ತೆ ಅಂತ ಇರಬೇಕು. ನಮ್ಮವ್ವನೂ ಹಂಗೇ’ ಅಂದ ಕರಿಬಸಪ್ಪ.

‘ಅಷ್ಟೇ ಅಂತೀಯ?’

‘ಇಲ್ಲಾ ಅಂದ್ರೆ, ನಿನ್ನ ಮೈಮೇಲೆ ಬಹಳ ದಿನ ಬಾಳಲಿ ಅಂತ.’

‘ಅಂದ್ರೆ ನನ್ನ ಬಿಟ್ಟುಕೊಟ್ಟಳು ಅಂತಾನಾ?’

‘ಇಲ್ಲಾ, ಬಟ್ಟೆ ಇಡಿಯಾಗೇ ವಾಪಸ್ ಬರಲಿ ಅಂತಲೋ ಏನೋ. ನನಗೇನು ಗೊತ್ತಯ್ಯ, ನಾನು ಮದುವೆನೇ ಆಗಲಿಲ್ಲ!’

ಒಂದು ತೇಪೆಗೆ ಇಷ್ಟು ಅರ್ಥ ಆಯಿತಲ್ಲ ಅಂತ ತಿಪ್ಪೇಶನಿಗೆ ತಲೆ ಕೆಟ್ಟಿತು. ಚಾದರ ಎತ್ತಿಕೊಂಡು ಅಜ್ಜಯ್ಯನ ಹತ್ತಿರ ಹೋದ.

‘ಅಜ್ಜಯ್ಯ, ಈ ತೇಪೆಯ ಅರ್ಥ ಏನು?’

ಅಜ್ಜಯ್ಯ ತೇಪೆಯ ಮೇಲೆ ಬೆರಳಾಡಿಸಿದರು. ಹೊಲಿಗೆ ಒತ್ತಾಗಿತ್ತು.

‘ಚೆನ್ನಾಗಿ ಹಾಕಿದ್ದಾಳೆ.’

‘ಅರ್ಥ ಕೇಳ್ತಿದ್ದೀನಿ.’

‘ನಾನು ಹಾಕಿದ್ದಲ್ಲವಲ್ಲೋ’ ಅಂದರು.

*

ಮರುದಿನ ತಿಪ್ಪೇಶ ಹೊಳೆ ಪಕ್ಕದ ಹಾಸುಬಂಡೆ ಮೇಲೆ ಚಾದರ ಹರಡಿದ. ಆಶ್ರಮದಲ್ಲಿ ಇದ್ದದ್ದು ಒಂದೇ ಕತ್ತರಿ, ಅಜ್ಜಯ್ಯನ ಗಡ್ಡ ಸರಿ ಮಾಡುವಂಥದ್ದು. ಅದನ್ನು ತಂದ. ಇದ್ದಿಲಿನಲ್ಲಿ ಗೆರೆ ಎಳೆದ. ಅಳಿಸಿದ. ಮತ್ತೆ ಎಳೆದ.

ಚಾದರದ ನಡುವೆ ಎರಡು ಕಡೆ ಎಳೆ ಸವೆದು ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಆಚೆಯ ಹೊಳೆ ಕಾಣುವಷ್ಟು. ಇಬ್ಬರು ಮಲಗಿ ಮಲಗಿ ಹಾಗಾಗಿತ್ತು. ಒಂದು ಕಡೆ ಕಡಿಮೆ, ಒಂದು ಕಡೆ ಜಾಸ್ತಿ.

ಹೆಚ್ಚು ಸವೆದದ್ದು ಅವಳ ಕಡೆ ಇರಬೇಕು, ನಾನು ವರ್ಷದಿಂದ ಅಲ್ಲಿಲ್ಲವಲ್ಲ ಅಂದುಕೊಂಡ. ಇರಲಾರದು, ನಾನೇ ರಾತ್ರಿಯೆಲ್ಲ ಹೊರಳಾಡುವವನು, ನನ್ನದೇ ಇರಬೇಕು ಅಂತಲೂ ಅನ್ನಿಸಿತು. ಹಾಗಾದರೆ ನಾನು ಗೋಡೆ ಪಕ್ಕ ಮಲಗುತ್ತಿದ್ದೆನಾ, ಬಾಗಿಲ ಪಕ್ಕನಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಷ್ಟು ವರ್ಷ ಮಲಗಿದವನಿಗೆ ತನ್ನ ಜಾಗ ಯಾವುದು ಅಂತ ಗೊತ್ತಿರಲಿಲ್ಲ.

ಅಜ್ಜಯ್ಯ ಸ್ನಾನ ಮುಗಿಸಿ ಆ ಕಡೆಯಿಂದ ಬಂದರು.

‘ಅಜ್ಜಯ್ಯ, ನಾನು ಯಾವ ಕಡೆ ಮಲಗ್ತಿದ್ದೆ?’

ಅಜ್ಜಯ್ಯ ನಿಂತು ನೋಡಿದರು. ‘ಇದನ್ನೂ ನನ್ನನ್ನೇ ಕೇಳ್ತೀಯಲ್ಲೋ!’

‘ಯಾರನ್ನ ಕೇಳಲಿ ಮತ್ತೆ? ನನ್ನ ಗುರುಗಳು ನೀವು.’

ಅಜ್ಜಯ್ಯ ಒದ್ದೆ ಪಂಚೆಯಲ್ಲೇ ಚಾದರದ ಮೇಲೆ, ಎರಡು ಸವಕಲುಗಳ ನಡುವೆ, ಅಂಗಾತ ಮಲಗಿದರು.

‘ಏನಾದ್ರೂ ತಿಳೀತಾ ಅಜ್ಜಯ್ಯ?’

‘ಬಂಡೆ ಒತ್ತುತ್ತೆ’ ಅಂದರು. ಎದ್ದು ಹೋದರು. ಚಾದರದ ಮೇಲೆ ಒದ್ದೆ ಗುರುತು ಉಳಿಯಿತು. ತಿಪ್ಪೇಶ ಅದನ್ನೂ ದಿಟ್ಟಿಸಿ ನೋಡಿದ. ಅದರಲ್ಲೂ ಏನಾದರೂ ಅರ್ಥ ಇದ್ದೀತು ಅಂತ. ಬಿಸಿಲಿಗೆ ಅದು ಆರಿಹೋಯಿತು.

ಕೊನೆಗೆ ಕತ್ತರಿ ಎತ್ತಿ ಅಂಚಿಗೆ ಇಟ್ಟ. ಬಟ್ಟೆ ಕತ್ತರಿಯ ಬಾಯೊಳಗೆ ಹೊಕ್ಕಿತು. ಬೆರಳು ಒತ್ತಲಿಲ್ಲ. ಕತ್ತರಿ ಕೆಳಗಿಟ್ಟ.

ಯಾಕೆ ಅಂತ ಅವನಿಗೇ ತಿಳಿಯಲಿಲ್ಲ. ಕಾವಿ ಬೇಕಿತ್ತು, ಬಹಳ ಬೇಕಿತ್ತು. ಅದು ಸುಳ್ಳಲ್ಲ. ಕತ್ತರಿಸಲು ಕೈ ಬರಲಿಲ್ಲ, ಅದೂ ಸುಳ್ಳಲ್ಲ.

ಆಮೇಲೆ ಒಂದು ದಾರಿ ಹೊಳೆಯಿತು. ಕತ್ತರಿಸದೇ ಹೊಲಿದರೆ?

ಚಾದರವನ್ನು ಮಡಚಿ ಬೆನ್ನಿಗೆ ಮಾಡಿದ. ಪರದೆಯನ್ನು ಎದೆಗೆ ತಂದ. ಹೆಗಲ ಮೇಲೆ ಎರಡನ್ನೂ ಕೂಡಿಸಿ, ತಲೆ ತೂರುವಷ್ಟು ಸಂದು ಬಿಟ್ಟ. ದಿಂಬಿನ ಚೀಲಗಳು ಎರಡು ತೋಳಾದವು. ಟ್ರಂಕಿನ ಬಟ್ಟೆ ಪಕ್ಕದ ಸಂದಿಗಾಯಿತು. ಎಲ್ಲವೂ ಉದ್ದುದ್ದ ಕಚ್ಚಾ ಹೊಲಿಗೆ. ಸೂಜಿ ಚುಚ್ಚಿ ಬೆರಳೆಲ್ಲ ತೂತಾಯಿತು. ಆದರೆ ಮೈಯಲ್ಲಿ ಒಂದು ಥರ ಹಗುರ. ಅಂಗಿಯೂ ಆಯಿತು, ಬಟ್ಟೆಯೂ ಉಳಿಯಿತು!

ಕರಿಬಸಪ್ಪ ನೋಡಲು ಬಂದ. ತಿಪ್ಪೇಶ ಅಂಗಿ ತೊಟ್ಟು ನಿಂತ. ಬೆನ್ನ ಹಿಂದೆ ಚಾದರದ ಮಡಿಕೆಗಳು ಮೂಟೆಯ ಹಾಗೆ ಉಬ್ಬಿದ್ದವು.

‘ಲೇ, ನಿನ್ನ ಕೈ ಎಲ್ಲಿ?’

‘ಒಳಗಿದೆ.’

‘ಹೊರಗೆ ತೆಗಿ.’

‘ಬರಲ್ಲ. ದಿಂಬಿನ ಚೀಲದ ಆ ಕಡೆ ಮುಚ್ಚಿದೆ.’

‘ಬಿಚ್ಚೋ ಮತ್ತೆ!’

‘ಬಿಚ್ಚಿದ್ರೆ ಆಮೇಲೆ ದಿಂಬು ಆಚೆ ಬರುತ್ತಲ್ಲ.’

ಕರಿಬಸಪ್ಪ ಅವನ ಮುಖವನ್ನೇ ನೋಡಿದ. ‘ಯಾವ ದಿಂಬು ಮಾರಾಯ?’

ತಿಪ್ಪೇಶ ಚೀಲದೊಳಗೆ ಬೆರಳು ಆಡಿಸಿ ನೋಡಿಕೊಂಡ.

*

ಹುಣ್ಣಿಮೆ ಬಂತು. ಬೆಳಿಗ್ಗೆ ಹೊಳೆ ದಂಡೆಯಲ್ಲಿ ಕಾವಿಮಣ್ಣಿನ ಮಡಕೆ ಇಟ್ಟರು. ಕರಿಬಸಪ್ಪ ಕೋಲಿನಿಂದ ಕದಡುತ್ತಿದ್ದ. ನೀರು ಕೆಂಪಗೆ ತಿರುಗುತ್ತಿತ್ತು.

ತಿಪ್ಪೇಶ ಅಂಗಿ ತೊಟ್ಟು ಬಂದು ಅಜ್ಜಯ್ಯನ ಕಾಲಿಗೆ ಬಿದ್ದ. ಏಳುವಾಗ ಚಾದರದ ಮಡಿಕೆಗೆ ಕಾಲು ಸಿಕ್ಕಿ ಮುಗ್ಗರಿಸಿದ.

ಅಜ್ಜಯ್ಯ ಒಂದು ಬಾಳೆಹಣ್ಣು ಹಿಡಿದು ಮುಂದೆ ಚಾಚಿದರು. ಕಾವಿ ತೊಡುವವನಿಗೆ ಅದೇ ಮೊದಲ ಭಿಕ್ಷೆ.

‘ತಗೋ.’

ತಿಪ್ಪೇಶ ಕೈ ಮುಂದೆ ಮಾಡಿದ. ದಿಂಬಿನ ಚೀಲ ಮುಂದೆ ಬಂತು. ಚೀಲದೊಳಗಿಂದಲೇ ಬೆರಳು ಆಡಿಸಿ ಹಣ್ಣು ಹಿಡಿಯಲು ನೋಡಿದ. ಹಣ್ಣು ಜಾರಿ ಮರಳಿಗೆ ಬಿತ್ತು.

ಕರಿಬಸಪ್ಪ ನಗು ತಡೆಯಲು ಹೊಳೆಯ ಕಡೆ ತಿರುಗಿದ.

ಅಜ್ಜಯ್ಯ ನಗಲಿಲ್ಲ. ಹತ್ತಿರ ಬಂದು ಅಂಗಿಯ ಸುತ್ತ ಒಂದು ಸುತ್ತು ಹಾಕಿದರು. ಹೆಗಲ ಮೇಲೆ ದಾರದ ತುದಿ ಕಂಡಿತು. ಹಿಡಿದು ಮೆಲ್ಲಗೆ ಎಳೆದರು. ದಾರ ಸರಸರ ಬಂತು. ಪರದೆ ಕಳಚಿ ಕೆಳಗೆ ಬಿತ್ತು. ಇನ್ನೊಂದು ದಾರ ಎಳೆದರು. ತೋಳು ಬಿತ್ತು. ಮತ್ತೊಂದು ತೋಳೂ ಬಿತ್ತು. ತಿಪ್ಪೇಶ ಬರೀ ಪಂಚೆಯಲ್ಲಿ ನಿಂತ. ಸುತ್ತ ಚಾದರ, ಪರದೆ, ದಿಂಬಿನ ಚೀಲ, ಹೂವಿನ ಬಟ್ಟೆ. ಒಂದಕ್ಕೂ ಗಾಯವಾಗಿರಲಿಲ್ಲ.

‘ಇದನ್ನ ನೆನಸಿದ್ರೆ ಕಾವಿ ಯಾವುದಕ್ಕೆ ಹತ್ತಬೇಕು?’ ಅಂದರು ಅಜ್ಜಯ್ಯ. ‘ನಿನಗೋ, ನಿಮ್ಮ ಮನೆ ಬಾಗಿಲಿಗೋ?’

ತಿಪ್ಪೇಶ ಬಗ್ಗಿ ಚಾದರದ ಅಂಚು ಹಿಡಿದುಕೊಂಡ.

‘ನನಗೆ ಏನೂ ತಿಳೀತಿಲ್ಲ ಅಜ್ಜಯ್ಯ. ಕಾವಿ ಬೇಕು ಅನ್ನಿಸುತ್ತೆ. ಕತ್ತರಿ ಹಿಡಿದ್ರೆ ಬೇಡ ಅನ್ನಿಸುತ್ತೆ. ಆ ತೇಪೆ ನೋಡಿದ್ರೆ ಅವಳು ಹೋಗು ಅಂದ ಹಾಗೂ ಕಾಣುತ್ತೆ, ಬಾ ಅಂದ ಹಾಗೂ ಕಾಣುತ್ತೆ. ನೀವೇ ಒಂದು ಮಾತು ಹೇಳಿಬಿಡಿ. ಕತ್ತರಿಸು ಅಂದ್ರೆ ಕತ್ತರಿಸ್ತೀನಿ. ಹೋಗು ಅಂದ್ರೆ ಹೋಗ್ತೀನಿ.’

‘ಕತ್ತರಿಸು’ ಅಂದರು ಅಜ್ಜಯ್ಯ.

ಕರಿಬಸಪ್ಪ ಓಡಿಹೋಗಿ ಕತ್ತರಿ ತಂದ. ತಿಪ್ಪೇಶ ಮಂಡಿಯೂರಿ ಕೂತ. ಚಾದರವನ್ನು ಮರಳ ಮೇಲೆ ಹರಡಿದ. ಈ ಸಲ ಕತ್ತರಿಸುವುದೇ ಸೈ ಅಂತ ಹಲ್ಲು ಕಚ್ಚಿದ.

‘ಎಲ್ಲಿಂದ ಶುರು ಮಾಡಲಿ ಅಜ್ಜಯ್ಯ?’

‘ನಿನ್ನ ಕಡೆಯಿಂದ ಮಾಡು. ಅವಳ ಕಡೆ ಮುಟ್ಟಬೇಡ.’

ತಿಪ್ಪೇಶ ಕತ್ತರಿಯನ್ನು ಬಲಗಡೆಗೆ ತಂದ. ನಿಲ್ಲಿಸಿದ. ಎದ್ದು ಎಡಗಡೆಗೆ ಹೋದ. ಚಾದರವನ್ನೇ ತಿರುಗಿಸಿ ಹಾಕಿ ನೋಡಿದ. ಈಗ ಎಡ ಬಲವಾಯಿತು. ಎರಡು ಸವಕಲುಗಳ ಮೇಲೂ ಅಂಗೈ ಇಟ್ಟು ನೋಡಿದ. ಬೆವರು ಇಳಿಯಿತು. ಮಡಕೆಯಲ್ಲಿ ಕಾವಿಮಣ್ಣು ತಳಕ್ಕೆ ಕೂರುತ್ತಿತ್ತು.

‘ಗೊತ್ತಿಲ್ಲ ಅಜ್ಜಯ್ಯ’ ಅಂದ ಕೊನೆಗೆ. ದನಿ ಅವನಿಗೇ ಕೇಳಿಸಲಿಲ್ಲ.

ಅಜ್ಜಯ್ಯ ಮಡಕೆಯಿಂದ ಕೋಲು ತೆಗೆದು ಅದರ ಬಾಯಿಗೆ ತಟ್ಟೆ ಮುಚ್ಚಿದರು. ಬಗ್ಗಿ ತಾವೇ ಚಾದರ ಮಡಚಿದರು. ದಿಂಬಿನ ಚೀಲಗಳ ಮರಳು ಕೊಡವಿದರು. ಎಲ್ಲವನ್ನೂ ಪರದೆಯಲ್ಲಿ ಇಟ್ಟು ಗಂಟು ಕಟ್ಟಿ ಅವನ ತೊಡೆ ಮೇಲೆ ಇಟ್ಟರು.

‘ಹಾಗಾದ್ರೆ ನನಗೆ ಕಾವಿ ಇಲ್ವಾ ಅಜ್ಜಯ್ಯ? ಈ ವರ್ಷ ಇಲ್ವೋ, ಯಾವತ್ತೂ ಇಲ್ವೋ?’

ಅಜ್ಜಯ್ಯ ಮರಳಲ್ಲಿ ಬಿದ್ದಿದ್ದ ಕತ್ತರಿ ಎತ್ತಿ, ಪಂಚೆಯ ಅಂಚಿಗೆ ಒರೆಸಿ, ಗಂಟಿನ ಸಂದಿಗೆ ಸಿಕ್ಕಿಸಿದರು.

‘ಮನೆಗೆ ಹೋಗು. ಈ ಕತ್ತರೀನ ಅವಳ ಕೈಗೆ ಕೊಡು. ನಿನ್ನ ಕಡೆ ಯಾವುದು ಅಂತ ಅವಳಿಗೆ ಗೊತ್ತು.’